ಅಟ್ಟದ ಮೇಲಿನ ಉಕ್ಕಿನ ಟೋಪಿ

ಆಯುಧಪೂಜೆಯ ಹಿಂದಿನ ದಿನ ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ ಪರಿಚಿತರ ಮನೆಗೆ ಹೋಗಿದ್ದೆ. ಜಗುಲಿಯ ಮೇಲೆ ಕುಡುಗೋಲು, ಮಚ್ಚು, ಗುದ್ದಲಿಗಳ ಸಾಲಿನಲ್ಲಿ ಅಟ್ಟದಿಂದ ಇಳಿಸಿದ ಒಂದು ಉಕ್ಕಿನ ಟೋಪಿಯೂ ಕುಳಿತಿತ್ತು. ಮೊಮ್ಮಗ ಉಪ್ಪುಕಾಗದದಿಂದ ಅದನ್ನು ಉಜ್ಜಿ ಕಪ್ಪು ಬಣ್ಣ ಬಳಿಯುವ ಸನ್ನಾಹದಲ್ಲಿದ್ದ.

“ನಮ್ಮ ಮಾವನವರು ಹೈಫಾದಿಂದ ತಂದದ್ದು, ಮೇಷ್ಟ್ರೇ” ಎಂದರು ಅಜ್ಜಿ.

ನನಗೆ ರೋಮಾಂಚನವಾಯಿತು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್‌ನ ಸವಾರರು ಕಾರ್ಮೆಲ್ ಬೆಟ್ಟವನ್ನೇರಿ ಫಿರಂಗಿಗಳನ್ನು ವಶಪಡಿಸಿಕೊಂಡರು. ಜೋಧಪುರದವರು ಹೈಫಾ ಪಟ್ಟಣದೊಳಕ್ಕೆ ನುಗ್ಗಿದರು. ಎದುರಿಗೆ ತುರ್ಕರೊಡನೆ ಜರ್ಮನರೂ ಇದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಅಂಥ ಕಾಳಗದ ಕುರುಹು ನಮ್ಮ ಅಮೃತೂರಿನಲ್ಲಿ!

ಉಪ್ಪುಕಾಗದವನ್ನು ದೂರ ಸರಿಸಿ, ಟೋಪಿಯನ್ನು ಬೆಳಕಿಗೆ ಹಿಡಿದೆ. ಕಿವಿ, ಹೆಡತಲೆಗಳ ಮೇಲೆ ಇಳಿಬಿದ್ದ ಅಂಚು ಅದು ಜರ್ಮನ್ ಟೋಪಿಯೆಂದು ಸಾರುತ್ತಿತ್ತು. ಒಳಗೆ ‘ಇಟಿ’ ಮತ್ತು ‘64’ ಎಂಬ ಮುದ್ರೆಗಳು. ಮೊದಲನೆಯದು ಥಾಲೆ ಎಂಬ ಊರಿನ ಕಾರ್ಖಾನೆಯದು, ಎರಡನೆಯದು ಅಳತೆ. ಆದರೆ ಆ ಕಾರ್ಖಾನೆ ಎರಡು ಮಹಾಯುದ್ಧಗಳಿಗೂ ಟೋಪಿ ಮಾಡಿಕೊಟ್ಟಿತ್ತು. ಮುದ್ರೆಯೊಂದನ್ನೇ ನಂಬುವಂತಿರಲಿಲ್ಲ.

ಜರ್ಮನರು 1914ರಲ್ಲಿ ಯುದ್ಧಕ್ಕಿಳಿದಾಗ ಧರಿಸಿದ್ದು ನೆತ್ತಿಯ ಮೇಲೆ ಮೊನೆಯಿದ್ದ ಚರ್ಮದ ಟೋಪಿ. ಉಕ್ಕಿನದು ಬಂದದ್ದು 1916ರಲ್ಲಿ. ಅದರ ಎರಡು ಕಪೋಲಗಳ ಮೇಲೂ ಕೊಂಬಿನ ಮೊಳಕೆಯಂತೆ ಟೊಳ್ಳು ಗುಬಟುಗಳಿರುತ್ತವೆ. ಒಳಗೆ ಮೂರು ಕಡೆ ಚರ್ಮದ ಮೆತ್ತೆ. ನನ್ನ ಕೈಯಲ್ಲಿದ್ದುದಕ್ಕೆ ಗುಬಟುಗಳಿರಲಿಲ್ಲ. ಗಾಳಿಯ ರಂಧ್ರಗಳನ್ನು ಉಕ್ಕಿನಲ್ಲೇ ಒತ್ತಿ ಮಾಡಿದ್ದರು. ಅಂಚನ್ನು ಒಳಕ್ಕೆ ಮಡಿಸಿದ್ದರು. ಒಳಗಿನ ಚರ್ಮ ನಾಲಗೆ ನಾಲಗೆಯಾಗಿ ಸೀಳಿ ದಾರದಿಂದ ಬಿಗಿದದ್ದು. ಇದು 1940ರ ಮಾದರಿ. ಹೈಫಾದ ಕಾಳಗಕ್ಕಿಂತ ಇಪ್ಪತ್ತೆರಡು ವರ್ಷ ಚಿಕ್ಕದು! ಮೇಲೆ ಮರಳಿನ ಬಣ್ಣ, ಅದು ಚಕ್ಕೆಯೆದ್ದ ಕಡೆ ಹದ್ದಿನ ಚಿಹ್ನೆಯ ಒಂದು ರೆಕ್ಕೆ. ಉಪ್ಪುಕಾಗದ ಎರಡೆಳೆತಕ್ಕೆ ಈ ಸಾಕ್ಷಿಯನ್ನೆಲ್ಲ ಒರೆಸಿಬಿಡುತ್ತಿತ್ತು.

ಅಜ್ಜಿಗೆ ಹೇಗೆ ಹೇಳುವುದು? ಅಳುಕುತ್ತಲೇ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

“ಹಾಗಾದರೆ ದೊಡ್ಡ ಭಾವನವರದಿರಬೇಕು. ಬೆಂಗಳೂರಿನಲ್ಲಿ ಸ್ಯಾಪರ್ಸ್ ಸೇರಿ ಮರಳುಗಾಡಿಗೆ ಹೋಗಿದ್ದರಂತೆ. ಬಂದಮೇಲೆ ಒಂದು ಮಾತೂ ಆಡಲಿಲ್ಲ. ಮನೆತುಂಬ ಮಾವನವರ ಕುದುರೆಯ ಕಥೆಯೇ ಇತ್ತಲ್ಲ!”

ಎರಡನೆಯ ಮಹಾಯುದ್ಧದಲ್ಲಿ ಮದ್ರಾಸ್ ಸ್ಯಾಪರ್ಸ್ ತುಕಡಿಗಳು ಉತ್ತರ ಆಫ್ರಿಕದಲ್ಲಿ ದುಡಿದದ್ದು ನಿಜ. ಅಲ್ಲಿ ಜರ್ಮನರು ಶರಣಾದದ್ದು 1943ರ ಮೇ ತಿಂಗಳಲ್ಲಿ. ಟೋಪಿ ಯಾರ ಕೈಯಿಂದ ಬಂದಿತೆಂದು ಉಕ್ಕು ಹೇಳಲಾರದು. 1918ರದಲ್ಲ ಎಂದಷ್ಟೇ ಅದರ ನುಡಿ. ಆದರೆ ಅಷ್ಟರಿಂದಲೇ, ಮನೆಯವರು ಮರೆತಿದ್ದ ಒಬ್ಬಾತನ ನೆನಪು ಜಗುಲಿಗೆ ಬಂದಿತ್ತು.

ಮೊಮ್ಮಗನಿಗೆ ಕೆಲವು ಮಾತು ಹೇಳಿದೆ. ಬಣ್ಣ ಬೇಡ, ನೀರು ಬೇಡ. ಮೃದುವಾದ ಕುಂಚದಿಂದ ಧೂಳು ತೆಗೆದರೆ ಸಾಕು. ಚರ್ಮಕ್ಕೆ ಎಣ್ಣೆ ಹಚ್ಚಬಾರದು, ಮಡಿಸಬಾರದು. ಪಟ್ಟಿ ಹಿಡಿದು ತೂಗುಹಾಕಬಾರದು. ಬರಿಗೈಯ ಬೆವರೂ ತುಕ್ಕಿಗೆ ಆಹ್ವಾನವೇ. ಒಗೆದು ಒಣಗಿಸಿದ ಹತ್ತಿಬಟ್ಟೆಯಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಮಳೆಗಾಲದಲ್ಲಿ ಆಗಾಗ ನೋಡಬೇಕು. ಅಜ್ಜಿ ಹೇಳಿದ ಎರಡು ಕಥೆಗಳನ್ನೂ ತಾರೀಖು ಹಾಕಿ ಬರೆದು ಜೊತೆಗಿಡಬೇಕು. ತಪ್ಪು ಕಥೆಗೂ ಮನೆತನದ ಚರಿತ್ರೆಯಲ್ಲಿ ಜಾಗವುಂಟು. ಹಿಟ್ಲರನ ಸೇನೆಯ ಟೋಪಿಗೆ ಪೂಜೆಯೇನೂ ಬೇಡ ಎಂದೂ ಸೇರಿಸಿದೆ.

ಮರುದಿನ ಹೋದಾಗ ಟೋಪಿಗೆ ಕುಂಕುಮ ಬಿದ್ದಿರಲಿಲ್ಲ. ಪಟವೂ ಇಲ್ಲದ ದೊಡ್ಡ ಭಾವನವರ ಹೆಸರಿನಲ್ಲಿ ಅಜ್ಜಿ ಒಂದು ಸೇವಂತಿಗೆಯನ್ನು ಅದರಿಂದ ಗೇಣು ದೂರದಲ್ಲಿ ಇಟ್ಟಿದ್ದರು.