ಸೈಕಲ್ ಪಥ (ಕರ್ನಾಟಕ)

ರಸ್ತೆಯ ಮಗ್ಗುಲಲ್ಲಿ ಸೈಕಲ್ ಸವಾರರಿಗೆಂದೇ ಮೀಸಲಿಟ್ಟ ದಾರಿ. ಬಣ್ಣದ ಗೆರೆಯಿಂದ ಮಾತ್ರ ಗುರುತಿಸಿದ ಪಥ ಒಂದು ಬಗೆ. ಅಂಚುಗಲ್ಲು, ಕಂಬ ಇಲ್ಲವೇ ಎತ್ತರಿಸಿದ ಕಟ್ಟೆಯಿಂದ ಮೋಟಾರು ವಾಹನಗಳನ್ನು ತಡೆದ ಪಥ ಇನ್ನೊಂದು. ಕರ್ನಾಟಕದಲ್ಲಿ ಎರಡನ್ನೂ ಮಾಡಿ ನೋಡಲಾಗಿದೆ.

ಹಿನ್ನೆಲೆ: ನೆದರ್ಲ್ಯಾಂಡ್ಸ್‌ನ ಉಟ್ರೆಕ್ಟ್ ನಗರದಲ್ಲಿ 1885ರಲ್ಲೇ ಸೈಕಲ್ ಪಥವಿತ್ತು. 1970ರ ದಶಕದಲ್ಲಿ ರಸ್ತೆ ಅಪಘಾತಗಳಲ್ಲಿ ಮಕ್ಕಳು ಸಾಯುವುದನ್ನು ವಿರೋಧಿಸಿ ಜನ ಬೀದಿಗಿಳಿದ ಮೇಲೆ ಆ ದೇಶದಲ್ಲಿ ಪ್ರತ್ಯೇಕ ಪಥಗಳು ಹೆಚ್ಚಿದವು. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 1962ರಲ್ಲಿ ಸೈಕಲ್ ಪಥದ ಮಾರ್ಗಸೂಚಿ ಹೊರಡಿಸಿತು. ಪಥದ ಅಗಲ ಕನಿಷ್ಠ 2 ಮೀಟರ್ ಇರಬೇಕು, ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ವಾಹನ ಓಡಾಡುವ ರಸ್ತೆಯಲ್ಲಿ 100 ಸೈಕಲ್‌ಗಳಿದ್ದರೂ ಪ್ರತ್ಯೇಕ ಪಥ ಬೇಕು ಎಂದು ಅದು ಹೇಳಿತು. ಮಾರ್ಗಸೂಚಿ 2015ರಲ್ಲಿ ಪರಿಷ್ಕೃತವಾಯಿತು.

ನಗರಗಳಲ್ಲಿ: 2012ರ ಸುಮಾರಿಗೆ ಬೆಂಗಳೂರಿನ ಜಯನಗರದಲ್ಲಿ ಬಣ್ಣದಿಂದ ಗುರುತಿಸಿದ ಪಥಗಳು ಬಂದವು. ತಡೆಯಿಲ್ಲದ್ದರಿಂದ ಕಾರು, ಬೈಕುಗಳು ಅಲ್ಲೇ ನಿಂತವು. ಸವಾರರು ಮತ್ತೆ ರಸ್ತೆಯ ನಡುವಿಗೆ ಬರಬೇಕಾಯಿತು. 2020ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯವು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಸುಮಾರು 17 ಕಿ.ಮೀ. ತಾತ್ಕಾಲಿಕ ಪಥಕ್ಕೆ ಕೈಹಾಕಿತು. ಗೆರೆಯ ಜೊತೆಗೆ ಕಂಬಗಳನ್ನೂ ನೆಡಲಾಯಿತು. ಹಲವು ಕಂಬಗಳು ಮುರಿದವು. ಮುಂದೆ ಮೆಟ್ರೊ ಕಾಮಗಾರಿಗೆ ಪಥ ಬಹುಪಾಲು ಜಾಗ ಬಿಟ್ಟುಕೊಟ್ಟಿತು. ಬಣ್ಣ ದಾರಿಯನ್ನು ತೋರಿಸುತ್ತದೆ, ಸವಾರನನ್ನು ಕಾಯುವುದು ಗಟ್ಟಿಯಾದ ತಡೆ ಮತ್ತು ಅದರ ನಿತ್ಯದ ನಿಗಾ ಎಂಬುದು ಈ ಪ್ರಯತ್ನಗಳ ಪಾಠ.

ಹಳ್ಳಿಗಳಲ್ಲಿ: ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಸೈಕಲ್ ಬಂದಷ್ಟು ಬೇಗ ಸುರಕ್ಷಿತ ದಾರಿ ಬರಲಿಲ್ಲ. ಹಾವೇರಿ ತಾಲ್ಲೂಕಿನ ಅಗಡಿಯಂಥ ಊರುಗಳ ಸೀಮೆಯಲ್ಲಿ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೇರಿಕೊಂಡು ಹೋಗುವ ಗಾಡಿ, ಟ್ರ್ಯಾಕ್ಟರ್, ಬಸ್ಸು, ಶಾಲೆಯ ಮಕ್ಕಳು ಎಲ್ಲರಿಗೂ ಒಂದೇ ಡಾಂಬರು ರಸ್ತೆ. ದಿನವಿಡೀ ವಾಹನ ವಿರಳವಾದ ರಸ್ತೆಯಲ್ಲೂ ಶಾಲೆಯ ಗಂಟೆಯ ಹಿಂದುಮುಂದಿನ ಹೊತ್ತು ಸೈಕಲ್‌ಗಳದೇ. ಅಲ್ಲಿ ಮೊದಲು ಬೇಕಾದದ್ದು ಡಾಂಬರಿನ ಮಟ್ಟಕ್ಕೇ ಗಟ್ಟಿ ಮಾಡಿದ ಅಂಚು, ಎದ್ದು ಕಾಣುವ ಬಿಳಿ ಗೆರೆ, ಶಾಲೆಯ ತಿರುವಿನಲ್ಲಿ ವೇಗತಡೆ. ವಾಹನ, ಸೈಕಲ್‌ಗಳ ಎಣಿಕೆಯನ್ನು ಶಾಲೆಯ ಹೊತ್ತಿನಲ್ಲಿ ಮಾಡಿದರೆ ಪಥ ಯಾರಿಗೆ ಬೇಕೆಂಬುದು ತಾನಾಗಿ ತಿಳಿಯುತ್ತದೆ.