ಬಳಸಿದ ಅಲ್ಯೂಮಿನಿಯಂ ದೋಣಿ: ಕೊಳ್ಳುವ ಮುನ್ನ

ಹುಬ್ಬಳ್ಳಿ: ಬೈರಿದೇವರಕೊಪ್ಪದಂತಹ ಒಳನಾಡಿನಿಂದ ಅರಬೈಲ್ ಘಟ್ಟ ಇಳಿದು ಅಂಕೋಲಾ, ಕಾರವಾರದ ಕಡಲಲ್ಲಿ ಮೀನು ಹಿಡಿಯಬಯಸುವವರಿಗೆ ಅಲ್ಯೂಮಿನಿಯಂ ದೋಣಿ ಸಾಗಿಸಲು ಹಗುರ. ಆದರೆ ಕೆರೆ, ಜಲಾಶಯಗಳ ಸಿಹಿನೀರಿನಲ್ಲಿ ಬಾಳಿದ ದೋಣಿ ಉಪ್ಪುನೀರನ್ನೂ ತಾಳುತ್ತದೆ ಎನ್ನಲಾಗದು.

ಲೋಹ: ಮೆಗ್ನೀಸಿಯಂ ಬೆರೆತ 5052, 5083, 5086 ದರ್ಜೆಯ ಮಿಶ್ರಲೋಹ ಕಡಲಿಗೆ ತಕ್ಕುದು.

ಸವೆತ: ಉಪ್ಪುನೀರಿನಲ್ಲಿ ತಾಮ್ರ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ತಾಗಿದೆಡೆ ಅಲ್ಯೂಮಿನಿಯಂ ಬೇಗ ಕರಗುತ್ತದೆ. ಬಿಳಿ ಪುಡಿ, ಸಣ್ಣ ಗುಳಿ, ಉಬ್ಬಿದ ಬಣ್ಣ ಇದರ ಗುರುತು. ಹೊಸ ಬಣ್ಣ ಇವನ್ನು ಮರೆಮಾಚಬಹುದು. ತಾಮ್ರಯುಕ್ತ ತಳಬಣ್ಣ ಬಳಿದ ದೋಣಿ ಬೇಡ. ಲೋಹಕ್ಕೆ ಬದಲಾಗಿ ತಾನು ಸವೆಯುವ ಸತುವಿನ ತುಂಡು ಇದೆಯೇ ಎಂಬುದನ್ನೂ ಗಮನಿಸಬೇಕು.

ಸೋರಿಕೆ: ದೋಣಿಯನ್ನು ದಡದಲ್ಲಿ ಭದ್ರವಾಗಿ ಆನಿಸಿ, ಒಳಗೆ ಕೆಲವು ಅಂಗುಲ ನೀರು ತುಂಬಿದರೆ ಸಡಿಲ ರಿವೆಟ್, ಬಿರಿದ ಬೆಸುಗೆ ಹೊರಗಿನಿಂದಲೇ ಕಾಣುತ್ತವೆ. ಎಂಜಿನ್ ಹೊರುವ ಹಿಂಬದಿಯ ಹಲಗೆ ಕೊಳೆತಿರಬಾರದು.

ದಾಖಲೆ: ನೋಂದಣಿ ಪತ್ರ ಹಾಗೂ ರಾಜ್ಯದ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿಯ ಪರವಾನಗಿಯನ್ನು ಪರಿಶೀಲಿಸಿ, ಹೆಸರು ವರ್ಗಾವಣೆಯ ಕುರಿತು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿದ ನಂತರವೇ ಮುಂಗಡ ನೀಡುವುದು ಲೇಸು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ದೋಣಿಗಳು ದಡದಲ್ಲಿರುವ ಆ ದಿನಗಳು ತಳ ಪರೀಕ್ಷಿಸಲು ಅನುಕೂಲಕರ.