ಪುಸ್ತಕವೇ ಬಹುಮಾನ: ‘ಥಟ್ ಅಂತ ಹೇಳಿ’ ಮತ್ತು ಮನೆಯೊಳಗಿನ ಅರಿವಿನ ನೆನಪು

ಬಾಲ್ಯದ ಟೆಲಿವಿಷನ್ ಕಾರ್ಯಕ್ರಮಗಳಿಗಾಗಿ ಹಂಬಲಿಸುವವರು ಸಾಮಾನ್ಯವಾಗಿ ನಿಂತುಹೋದವುಗಳಿಗಾಗಿ ಹಂಬಲಿಸುತ್ತಾರೆ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಆಗಲಿ, ಭಾನುವಾರದ ಬೀದಿಗಳನ್ನು ಖಾಲಿ ಮಾಡಿಸಿದ್ದ ‘ರಾಮಾಯಣ’ವಾಗಲಿ ಮುಗಿದುಹೋದ ಕೃತಿಗಳು. ‘ಥಟ್ ಅಂತ ಹೇಳಿ’ಯ ಸಂಗತಿ ಹಾಗಲ್ಲ. 2002ರ ಜನವರಿ 4ರಂದು ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ ಶುರುವಾದ ಈ ರಸಪ್ರಶ್ನೆ ಕಾರ್ಯಕ್ರಮ ಮೂರು ಸಾವಿರ ಕಂತುಗಳನ್ನು ಎಂದೋ ದಾಟಿದೆ, ಲಿಮ್ಕಾ ದಾಖಲೆಗಳ ಪುಸ್ತಕ ಸೇರಿದೆ. ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ ಎರಡು ದಶಕ ಮೀರಿ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಹೀಗಿದ್ದೂ, ಅದರ ಮೊದಲ ಹತ್ತು ವರ್ಷಗಳಲ್ಲಿ ಶಾಲೆಯಲ್ಲಿದ್ದವರು ಇಂದು ಅದರ ಮಾತೆತ್ತಿದಾಗ ಬಳಸುವುದು ಭೂತಕಾಲದ ಕ್ರಿಯಾಪದವನ್ನೇ: ‘ನೋಡ್ತಿದ್ವಿ’, ‘ಉತ್ತರ ಕೂಗ್ತಿದ್ವಿ’. ಕಾರ್ಯಕ್ರಮ ಕಳೆದುಹೋಗಿಲ್ಲವಾದರೆ ಕಳೆದುಕೊಂಡದ್ದು ಯಾವುದನ್ನು?

ಈ ಪ್ರಶ್ನೆಗೆ ‘ಬಾಲ್ಯವನ್ನು’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಬಾಲ್ಯವನ್ನು ಎಲ್ಲರೂ ಕಳೆದುಕೊಳ್ಳುತ್ತಾರೆ. ಹಾಗೆಂದು ಆ ಕಾಲದ ಎಲ್ಲ ಕಾರ್ಯಕ್ರಮಗಳಿಗಾಗಿಯೂ ಹಂಬಲಿಸುವುದಿಲ್ಲ. ನನ್ನ ವಾದ ಇದು: ಮನೆಯೊಳಗೆ ಯಾರಿಗೆ ಎಷ್ಟು ಗೊತ್ತು ಎಂಬ ಶ್ರೇಣಿಯನ್ನು ‘ಥಟ್ ಅಂತ ಹೇಳಿ’ ಪ್ರತಿ ರಾತ್ರಿ ಸ್ವಲ್ಪ ಹೊತ್ತು ಅಲುಗಿಸುತ್ತಿತ್ತು. ಓದಿದವರು ತಡವರಿಸಿದ ಕಡೆ ಓದದವರು ಉತ್ತರ ಹೇಳುತ್ತಿದ್ದರು. ಇಂದಿನ ಹಂಬಲ ಆ ಸಣ್ಣ ಪಲ್ಲಟಕ್ಕಾಗಿ, ಅದು ಸಾಧ್ಯವಾಗಿದ್ದ ಕೋಣೆಗಾಗಿ. ಬಹುಮಾನವಾಗಿ ಹಣದ ಬದಲು ಪುಸ್ತಕ ಕೊಟ್ಟದ್ದು ಆ ಪಲ್ಲಟವನ್ನು ಸಾಧ್ಯಗೊಳಿಸಿದ ಮುಖ್ಯ ಕಾರಣಗಳಲ್ಲಿ ಒಂದು.

ಭಾರತದಲ್ಲಿ ರಸಪ್ರಶ್ನೆ ಬೆಳೆದದ್ದು ಇಂಗ್ಲಿಷಿನಲ್ಲಿ. 1967ರಲ್ಲಿ ಕಲ್ಕತ್ತೆಯಲ್ಲಿ ನೀಲ್ ಒಬ್ರಿಯನ್ ನಡೆಸಿದ ಸ್ಪರ್ಧೆಯನ್ನು ಅದರ ಆರಂಭವೆಂದು ಹೇಳುವುದು ವಾಡಿಕೆ. 1972ರಲ್ಲಿ ಶುರುವಾದ ‘ಬೋರ್ನ್‌ವಿಟಾ ಕ್ವಿಜ್ ಕಾಂಟೆಸ್ಟ್’ ಮುಂದೆ ರೇಡಿಯೋದಲ್ಲಿ ನೆಲೆ ಕಂಡಿತು. 1985ರಲ್ಲಿ ಸಿದ್ಧಾರ್ಥ ಬಸು ನಡೆಸಿದ ‘ಕ್ವಿಜ್ ಟೈಮ್’ ದೂರದರ್ಶನದ ಮೂಲಕ ಅದನ್ನು ದೇಶದ ನಡುಮನೆಗೆ ತಂದಿತು. ಬೆಂಗಳೂರಿನಲ್ಲಿ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿ, ನಗರವನ್ನು ಈ ಆಟದ ದೊಡ್ಡ ಕೇಂದ್ರಗಳಲ್ಲಿ ಒಂದಾಗಿಸಿತು. ಈ ಪರಂಪರೆಯ ಸಾಧನೆ ದೊಡ್ಡದು. ಅದನ್ನು ಕಿರಿದು ಮಾಡುವ ಉದ್ದೇಶ ನನಗಿಲ್ಲ. ಆದರೆ ‘ಸಾಮಾನ್ಯ ಜ್ಞಾನ’ ಎಂದು ಅದು ಕರೆದದ್ದರಲ್ಲಿ ಷೇಕ್ಸ್‌ಪಿಯರ್ ಸಾಮಾನ್ಯ, ಪಂಪ ವಿಶೇಷ. ವಿಂಬಲ್ಡನ್ ವಿಜೇತರ ಪಟ್ಟಿ ಎಲ್ಲರಿಗೂ ಗೊತ್ತಿರಬೇಕಾದದ್ದು, ಯಕ್ಷಗಾನದ ತಿಟ್ಟುಗಳ ವ್ಯತ್ಯಾಸ ಪ್ರಾದೇಶಿಕ ಕುತೂಹಲ. ಯಾರೂ ಕೂತು ಬರೆದ ನಿಯಮವಲ್ಲ ಇದು. ಭಾಷೆಯೇ ತನ್ನ ಪಾಡಿಗೆ ಮಾಡಿಕೊಂಡ ವಿಂಗಡಣೆ.

ಚಂದನದ ಸ್ಟುಡಿಯೋದಲ್ಲಿ ಈ ವಿಂಗಡಣೆ ತಲೆಕೆಳಗಾಯಿತು. ಅಲ್ಲಿ ವಚನಕಾರರ ಅಂಕಿತಗಳು, ರಾಷ್ಟ್ರಕೂಟ ಹೊಯ್ಸಳರು, ದಾಸರ ಪದಗಳು, ರಾಜ್‌ಕುಮಾರ್ ಚಿತ್ರಗಳ ಹಾಡುಗಳು ನಡುವೆ ಬಂದು ಕೂತವು. ವಿಜ್ಞಾನ, ಕ್ರೀಡೆ, ಜಗತ್ತಿನ ಭೂಗೋಳ ಅವುಗಳ ಪಕ್ಕದಲ್ಲಿ, ಕನ್ನಡದ ಪಾರಿಭಾಷಿಕಗಳನ್ನು ತೊಟ್ಟುಕೊಂಡು ಬಂದವು. ಕನ್ನಡದಲ್ಲಿ ತಿಳಿದದ್ದೂ ತಿಳಿವಳಿಕೆಯೇ ಎಂಬ ಮಾತನ್ನು ಘೋಷಣೆಯಾಗಿ ಕೂಗದೆ, ಪ್ರತಿದಿನದ ರೂಢಿಯಾಗಿ ನಡೆಸಿಕೊಂಡು ಹೋದದ್ದು ಈ ಕಾರ್ಯಕ್ರಮದ ಚಾರಿತ್ರಿಕ ಮಹತ್ವ. ನಾಡುನುಡಿಯ ಬಗ್ಗೆ ನಡೆದ ಎಷ್ಟೋ ಸಮ್ಮೇಳನ ಭಾಷಣಗಳಿಗಿಂತ ಇದರ ಪರಿಣಾಮ ಆಳವಾದದ್ದೆಂದು ನಾನು ನಂಬುತ್ತೇನೆ.

ಇದನ್ನು ನಮ್ಮ ಒಗಟಿನ, ಸಮಸ್ಯಾಪೂರಣದ, ಅವಧಾನದ ಪರಂಪರೆಯ ಮುಂದುವರಿಕೆ ಎಂದು ಓದುವ ಆಸೆ ಸಹಜ. ಆದರೆ ಆ ಓದು ನನಗೆ ಒಪ್ಪಿಗೆಯಾಗದು. ಒಗಟಿನ ಉತ್ತರ ಒಗಟಿನೊಳಗೇ ಅಡಗಿರುತ್ತದೆ. ಜಾಣತನದಿಂದ ಅದನ್ನು ಹೊರತೆಗೆಯಬಹುದು. ಅವಧಾನಿಯದು ಸ್ಥಳದಲ್ಲೇ ಸೃಷ್ಟಿಸುವ ಪ್ರತಿಭೆ. ರಸಪ್ರಶ್ನೆಯ ಉತ್ತರವಾದರೋ ಹೊರಗೆ, ಎಲ್ಲೋ ಅಚ್ಚಾಗಿ ಅಥವಾ ದಾಖಲಾಗಿ ಇರುತ್ತದೆ. ಮೊದಲೇ ತಿಳಿದಿರಬೇಕು, ನೆನಪಾಗಬೇಕು. ಅದು ಶಾಲೆಯ, ಪತ್ರಿಕೆಯ, ಪರೀಕ್ಷೆಯ ಕೂಸು. ‘ಥಟ್ ಅಂತ ಹೇಳಿ’ಯ ಸ್ವಾರಸ್ಯವಿರುವುದು ಇಲ್ಲೇ: ಶಾಲೆಯ ಕೂಸಾದ ಈ ಆಟ ಶಾಲೆಯ ಹೊರಗೆ ಕಲಿತವರನ್ನೂ ಒಳಗೆ ಕರೆಯಿತು. ಹರಿಕಥೆ ಕೇಳಿ, ಬಯಲಾಟ ನೋಡಿ, ಗದುಗಿನ ಭಾರತದ ವಾಚನಕ್ಕೆ ಕಿವಿಗೊಟ್ಟು, ರೇಡಿಯೋದ ಚಿತ್ರಗೀತೆಗಳ ಜೊತೆ ಅಡುಗೆ ಮಾಡಿ ಗಳಿಸಿದ ತಿಳಿವಳಿಕೆಗೆ ಇಲ್ಲಿ ಪ್ರಶ್ನೆಗಳಿದ್ದವು. ವಿರಾಟನ ಮನೆಯಲ್ಲಿ ಭೀಮನಿಗೆ ಯಾವ ಹೆಸರು ಎಂದು ಕೇಳಿದರೆ ಎಂಜಿನಿಯರಿಂಗ್ ಓದುವ ಮೊಮ್ಮಗ ಸುಮ್ಮನಿರುತ್ತಿದ್ದ, ಅಜ್ಜಿ ‘ವಲಲ’ ಎನ್ನುತ್ತಿದ್ದರು.

ಬ್ರಿಟಿಷ್ ಮಾಧ್ಯಮ ಚಿಂತಕ ಜಾನ್ ಫಿಸ್ಕ್ 1987ರ ‘ಟೆಲಿವಿಷನ್ ಕಲ್ಚರ್’ ಕೃತಿಯಲ್ಲಿ ರಸಪ್ರಶ್ನೆ ಕಾರ್ಯಕ್ರಮಗಳನ್ನು ಅವು ಬೇಡುವ ಜ್ಞಾನದ ಬಗೆಗೆ ತಕ್ಕಂತೆ ವಿಂಗಡಿಸುತ್ತಾನೆ: ಒಂದು ತುದಿಯಲ್ಲಿ ಪಾಂಡಿತ್ಯದ ಮಾಹಿತಿ, ಇನ್ನೊಂದರಲ್ಲಿ ಸಾಮಾನಿನ ಬೆಲೆಯಂಥ ದಿನಬಳಕೆಯ ತಿಳಿವಳಿಕೆ, ಮತ್ತೆ ಮನುಷ್ಯರನ್ನು ಬಲ್ಲ ಅರಿವು. ಅವನು ಕಂಡ ಪಾಶ್ಚಾತ್ಯ ಕಾರ್ಯಕ್ರಮಗಳಲ್ಲಿ ಈ ಬಗೆಗಳು ಬೇರೆ ಬೇರೆ ಕಾರ್ಯಕ್ರಮಗಳಾಗಿ, ಬೇರೆ ಬೇರೆ ವರ್ಗದ ನೋಡುಗರಿಗೆ ಹಂಚಿಹೋಗಿದ್ದವು. ಕನ್ನಡದ ಉದಾಹರಣೆ ಅವನ ವಿಂಗಡಣೆಗೆ ಸುಲಭವಾಗಿ ಒಗ್ಗುವುದಿಲ್ಲ. ಪುರಾಣದ ಪ್ರಶ್ನೆಯನ್ನೇ ನೋಡಿ: ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಅದು ಪಾಂಡಿತ್ಯ, ದೇವಸ್ಥಾನದ ಕಟ್ಟೆಯಲ್ಲಿ ದಿನಬಳಕೆ. ಒಂದೇ ಪ್ರಶ್ನೆಗೆ ಎರಡು ದಾರಿಯಲ್ಲಿ ಬಂದವರು ಒಟ್ಟಿಗೆ ಉತ್ತರಿಸಬಹುದಾದ ಇಂಥ ಸಂದರ್ಭ ಫಿಸ್ಕ್‌ನ ಚೌಕಟ್ಟಿನಲ್ಲಿ ಇಲ್ಲ.

ಇನ್ನು ಬಹುಮಾನದ ವಿಚಾರ. ಈ ಕಾರ್ಯಕ್ರಮ ಹುಟ್ಟಿದ ಹೊತ್ತನ್ನು ನೆನೆಯಬೇಕು. 2000ದ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ ಅಮಿತಾಭ್ ಬಚ್ಚನ್ ‘ಕೌನ್ ಬನೇಗಾ ಕರೋಡ್‌ಪತಿ’ ಶುರುಮಾಡಿದ್ದರು. ಎರಡು ವರ್ಷ ಹಿಂದೆ ಬ್ರಿಟನ್ನಿನಲ್ಲಿ ಹುಟ್ಟಿದ್ದ ಆ ಮಾದರಿ ಪ್ರಶ್ನೆಯನ್ನು ಏಣಿಯ ಮೆಟ್ಟಿಲಾಗಿಸಿ, ಪ್ರತಿ ಮೆಟ್ಟಿಲಿಗೂ ಬೆಲೆ ಕಟ್ಟಿ, ತುದಿಯಲ್ಲಿ ಒಂದು ಕೋಟಿ ಇಟ್ಟಿತ್ತು. ದೇಶದ ಉದ್ದಗಲಕ್ಕೂ ಖಾಸಗಿ ವಾಹಿನಿಗಳು ಅದರ ಬೆನ್ನು ಹತ್ತಿದ್ದ ಕಾಲದಲ್ಲಿ, ಸರಿಯುತ್ತರಕ್ಕೆ ಒಂದು ಕನ್ನಡ ಪುಸ್ತಕ ಕೊಡುತ್ತೇವೆ ಎಂದು ಹೊರಟ ಕಾರ್ಯಕ್ರಮ ಇದು. ಬೊಕ್ಕಸದಲ್ಲಿ ಹಣವಿಲ್ಲದ್ದಕ್ಕೆ ಹೀಗೆ ಮಾಡಿದರು ಎಂದು ಯಾರಾದರೂ ಹೇಳಬಹುದು. ಕಾರಣ ಏನೇ ಇರಲಿ, ನೋಡುವಿಕೆಯ ಮೇಲೆ ಅದು ಮಾಡಿದ ಪರಿಣಾಮ ಮುಖ್ಯ.

ಕೋಟಿಯ ಮುಂದೆ ಕುಳಿತ ಸ್ಪರ್ಧಿಗೂ ಮನೆಯಲ್ಲಿ ಕುಳಿತ ನೋಡುಗನಿಗೂ ನಡುವೆ ದಾಟಲಾಗದ ಅಂತರವಿದೆ. ಮನೆಯವನಿಗೆ ಉತ್ತರ ಗೊತ್ತಿದ್ದರೂ ಅವನ ಬದುಕು ಬದಲಾಗದು. ತನಗೆ ಗೊತ್ತಿತ್ತಲ್ಲ ಎಂಬ ಹಳಹಳಿಕೆ ಮಾತ್ರ ಉಳಿಯುತ್ತದೆ. ಪುಸ್ತಕದ ಬಹುಮಾನ ಈ ಅಂತರವನ್ನು ಬಹುಮಟ್ಟಿಗೆ ಅಳಿಸಿತು. ಸ್ಟುಡಿಯೋದಲ್ಲಿ ಕೂತ ಮೂವರಿಗೆ ಸಿಗುತ್ತಿದ್ದದ್ದು ಮನೆಯವರು ಊರಿನ ಗ್ರಂಥಾಲಯದಿಂದ ತರಬಹುದಾದ ವಸ್ತು. ಅದಕ್ಕಾಗಿ ಅಸೂಯೆ ಪಡಬೇಕಾಗಿರಲಿಲ್ಲ. ಆದ್ದರಿಂದಲೇ ಮನೆಯಲ್ಲಿ ಕೂಗಿದ ಉತ್ತರಕ್ಕೂ ಸ್ಟುಡಿಯೋದ ಉತ್ತರಕ್ಕೂ ಹೆಚ್ಚುಕಡಿಮೆ ಒಂದೇ ತೂಕ. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರ ತನ್ನ ಪ್ರಬಂಧದಲ್ಲಿ ಉಡುಗೊರೆ ಪಡೆದವರ ಮೇಲೆ ಹೊರೆ ಹೊರಿಸುತ್ತದೆ, ಏನನ್ನೋ ಮರಳಿ ಕೇಳುತ್ತದೆ ಎಂದು ತೋರಿಸಿದ. ಪುಸ್ತಕ ಕೇಳುವುದು ಓದನ್ನು. ಗೆದ್ದವನು ಮನೆಗೆ ಹೋಗಿ ಇನ್ನಷ್ಟು ತಿಳಿಯಬೇಕು, ಅಷ್ಟೇ ಅದರ ಬೇಡಿಕೆ.

ಇದಕ್ಕೆ ಇನ್ನೊಂದು ಮುಖವಿದೆ. ಕನ್ನಡದ ಒಂದು ಗಂಭೀರ ಕೃತಿಯ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿಗಳಲ್ಲಿ ಮುಗಿಯುತ್ತದೆ. ಪುಸ್ತಕದಂಗಡಿ ಎಂಬುದು ಜಿಲ್ಲಾ ಕೇಂದ್ರಗಳಲ್ಲೇ ವಿರಳ. ಎಷ್ಟೋ ತಾಲ್ಲೂಕುಗಳಲ್ಲಿ ಬಸ್ ನಿಲ್ದಾಣದ ಅಂಗಡಿಯಲ್ಲಿ ಪಂಚಾಂಗದ ಪಕ್ಕ ಕಾಣುವ ಸಾಮಾನ್ಯ ಜ್ಞಾನದ ಕೈಪಿಡಿಯೇ ಪುಸ್ತಕ ಲೋಕ. ಅಂಥ ಕಡೆ ಕೃತಿಯ ಹೆಸರು, ಲೇಖಕರ ಹೆಸರು ವಾರದ ರಾತ್ರಿಗಳಲ್ಲಿ ನಿಯಮಿತವಾಗಿ ಕಿವಿಗೆ ಬಿದ್ದದ್ದು ಸಣ್ಣ ಸಂಗತಿಯಲ್ಲ. ಕನ್ನಡ ಪುಸ್ತಕೋದ್ಯಮದ ಚರಿತ್ರೆ ಬರೆಯುವವರು ಈ ಕಾರ್ಯಕ್ರಮಕ್ಕೊಂದು ಅಧ್ಯಾಯ ಮೀಸಲಿಡಬೇಕು.

2012ರಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ಯನ್ನು ತಂದರು. ಅದಕ್ಕೂ ಇಂದು ಗಾಢವಾದ ಹಂಬಲವಿದೆ, ಆದರೆ ಅದರ ಬಗೆ ಬೇರೆ. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ನಂತರ ಆ ಕಾರ್ಯಕ್ರಮದ ತುಣುಕುಗಳನ್ನು ನೋಡುವವರು ನೋಡುವುದು ಒಬ್ಬ ವ್ಯಕ್ತಿಯನ್ನು. ಸ್ಪರ್ಧಿಯ ಕಷ್ಟಸುಖ ಕೇಳುವಾಗಿನ ಅವರ ಮುಖವನ್ನು. ಅಲ್ಲಿ ಹಂಬಲ ಶೋಕದ ರೂಪದಲ್ಲಿದೆ. ‘ಥಟ್ ಅಂತ ಹೇಳಿ’ಯಲ್ಲಿ ಶೋಕವಿಲ್ಲ. ನಿರೂಪಕರು ಕಣ್ಣೆದುರಿಗಿದ್ದಾರೆ, ಉತ್ತರ ಬಂದ ಮೇಲೆ ಅದರ ಹಿನ್ನೆಲೆಯನ್ನು ಬಿಡಿಸಿ ಹೇಳುವ ಮೇಷ್ಟರ ಸಮಾಧಾನ ಹಾಗೆಯೇ ಇದೆ. ಅವರು ಬದಲಾಗದೆ ಉಳಿದುದರಿಂದಲೇ, ತಾನೆಷ್ಟು ಬದಲಾದೆ ಎಂದು ನೋಡುಗನಿಗೆ ಹೊಳೆಯುತ್ತದೆ.

ಹಾಗಾದರೆ ಬದಲಾದದ್ದು ಕೋಣೆ. ಟೆಲಿವಿಷನ್ ನೆನಪನ್ನು ಕುರಿತ 2011ರ ತನ್ನ ಕೃತಿಯಲ್ಲಿ ಏಮಿ ಹೋಲ್ಡ್ಸ್‌ವರ್ತ್, ಇಂಥ ನೆನಪುಗಳಲ್ಲಿ ಕಾರ್ಯಕ್ರಮಕ್ಕಿಂತ ಅದನ್ನು ನೋಡಿದ ಮನೆ, ಅದರ ದಿನಚರಿ ಎಷ್ಟು ಮುಖ್ಯವೆಂದು ತೋರಿಸುತ್ತಾಳೆ. ಚಂದನಕ್ಕೆ ಸಂಬಂಧಿಸಿ ಈ ಮಾತಿಗೆ ತಾಂತ್ರಿಕವಾದ ಆಧಾರವೂ ಇದೆ. ಕೇಬಲ್ ಇಲ್ಲದ ಮನೆಗೂ ದೂರದರ್ಶನದ ಮರುಪ್ರಸಾರ ಗೋಪುರದಿಂದ ಸಂಕೇತ ಬರುತ್ತಿತ್ತು. ಛಾವಣಿಯ ಮೇಲೊಂದು ಆಂಟೆನಾ ಸಾಕು. ಕರೆಂಟು ಹೋದರೆ ಮಾತ್ರ ಎಲ್ಲವೂ ನಿಲ್ಲುತ್ತಿತ್ತು, ಅದು ಆಗಾಗ ಹೋಗುತ್ತಿತ್ತು. ಖಾಸಗಿ ವಾಹಿನಿಗಳ ಧಾರಾವಾಹಿ ತಲುಪದ ಮನೆಗಳಲ್ಲಿ ಚಂದನಕ್ಕೆ ಪ್ರತಿಸ್ಪರ್ಧಿಯೇ ಇರಲಿಲ್ಲ. ಮೂರು ತಲೆಮಾರು ಒಂದೇ ಪೆಟ್ಟಿಗೆಯ ಮುಂದೆ ಕೂರಲು ಒಗ್ಗಟ್ಟು ಎಷ್ಟು ಕಾರಣವೋ ಬೇರೆ ಆಯ್ಕೆಯಿಲ್ಲದಿದ್ದುದೂ ಅಷ್ಟೇ ಕಾರಣ. 2022ರ ಹೊತ್ತಿಗೆ ಪ್ರಸಾರ ಭಾರತಿ ದೇಶದ ಹೆಚ್ಚಿನ ಅನಲಾಗ್ ಭೂಪ್ರಸರಣ ಕೇಂದ್ರಗಳನ್ನು ಮುಚ್ಚಿತು. ಅದೇ ಕಾರ್ಯಕ್ರಮ ಈಗ ಡಿಡಿ ಫ್ರೀ ಡಿಶ್‌ನಲ್ಲಿ, ಯೂಟ್ಯೂಬಿನಲ್ಲಿ ಸಿಗುತ್ತದೆ. ದೇಶಾಂತರದಲ್ಲಿರುವ ಕನ್ನಡಿಗರೂ ನೋಡಬಹುದು. ಆದರೆ ಫೋನಿನಲ್ಲಿ ಒಬ್ಬರೇ ನೋಡುವಾಗ ಉತ್ತರವನ್ನು ಯಾರಿಗೆ ಕೂಗಿ ಹೇಳುವುದು? ತೋಚದಿದ್ದರೆ ಆ ಫೋನಿನಲ್ಲೇ ಹುಡುಕಬಹುದು. ನೆನಪಿನಲ್ಲಿಟ್ಟುಕೊಂಡವರಿಗೆ ಮನೆಯಲ್ಲಿದ್ದ ಮರ್ಯಾದೆ ಇದರಿಂದ ಕುಗ್ಗಿತು. ಅಜ್ಜಿಯ ಗೆಲುವಿಗೆ ಇದ್ದ ಜಾಗ ಹೋಯಿತು.

ಈ ನೆನಪನ್ನು ಪೂರ್ತಿಯಾಗಿ ನಂಬಲೂ ಬಾರದು. ಸಾಹಿತ್ಯ ವಿದ್ವಾಂಸೆ ಸ್ವೆತ್ಲಾನಾ ಬೋಯ್ಮ್ 2001ರಲ್ಲಿ ಎರಡು ಬಗೆಯ ಹಂಬಲಗಳನ್ನು ಗುರುತಿಸಿದಳು: ಕಳೆದುದನ್ನು ಇದ್ದ ಹಾಗೆಯೇ ಮತ್ತೆ ಕಟ್ಟಬಯಸುವುದು ಒಂದು, ಕಳೆದುಹೋಗಿದೆ ಎಂದು ಒಪ್ಪಿ ಅದರ ಬಗ್ಗೆ ಯೋಚಿಸುವುದು ಇನ್ನೊಂದು. ‘ಮನೆಮಂದಿಯೆಲ್ಲ ಕೂತು ನೋಡುತ್ತಿದ್ದೆವು’ ಎನ್ನುವ ಮಾತು ಮೊದಲನೆಯ ಬಗೆಗೆ ಜಾರುತ್ತದೆ. ಮನೆಮಂದಿ ಎಂದರೆ ಯಾರು? ರಾತ್ರಿ ಊಟದ ಹೊತ್ತಿನಲ್ಲಿ ಅಮ್ಮ ಎಲ್ಲಿದ್ದರು? ಬಹಳ ಮನೆಗಳಲ್ಲಿ ಅವರು ಪ್ರಶ್ನೆಗಳನ್ನು ಕೇಳಿಸಿಕೊಂಡದ್ದು ಅಡುಗೆಮನೆಯಿಂದ. ಚಿತ್ರ ಗುರುತಿಸುವ ಪ್ರಶ್ನೆ ಬಂದಾಗ ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಟಿವಿ ಇಲ್ಲದ ಮಕ್ಕಳು ಪಕ್ಕದ ಮನೆಗೆ ಹೋದಾಗ ಕೆಲವರಿಗೆ ಒಳಗೆ ಕೂರಲು ಜಾಗವಿತ್ತು, ಕೆಲವರಿಗೆ ಜಗುಲಿಯಷ್ಟೇ. ಆ ಭೇದವನ್ನು ನಿರ್ಧರಿಸಿದ್ದು ಜಾತಿ. ಜಗುಲಿಯಿಂದ ಹೇಳಿದ ಸರಿಯುತ್ತರ ಒಳಗೆ ಕೇಳಿಸಿತೇ ಎಂಬುದು ಈ ವಿಷಯದ ಯಾವ ಸಂಶೋಧನೆಯೂ ಬಿಡಬಾರದ ಪ್ರಶ್ನೆ. ಕಾರ್ಯಕ್ರಮ ಜ್ಞಾನದ ಶ್ರೇಣಿಯನ್ನು ಅಲುಗಿಸಿತು ಎಂಬ ನನ್ನ ವಾದಕ್ಕೆ ಇದು ಮಿತಿ ಹಾಕುತ್ತದೆ. ಅಜ್ಜಿ ಗೆದ್ದದ್ದು ನಿಜ. ಹಾಗೆ ಗೆಲ್ಲಲು ಅವರು ಆ ಕೋಣೆಯೊಳಗೆ ಇರಬೇಕಿತ್ತು.

ಆದ್ದರಿಂದ ಮುಂದಿನ ಕೆಲಸ ಕಂತುಗಳ ಪಟ್ಟಿ ಮಾಡುವುದರಿಂದ ಮುಗಿಯುವುದಿಲ್ಲ. ಪ್ರಸಾರ ಸಂಸ್ಥೆಯ ಬಳಿಯಿರುವುದು ಸ್ಟುಡಿಯೋದ ದಾಖಲೆ ಮಾತ್ರ. ಪರದೆಯ ಈಚೆ, ಮನೆಯಲ್ಲಿ ನಡೆದದ್ದನ್ನು ನೋಡುಗರಿಂದಲೇ ಕೇಳಿ ಬರೆದುಕೊಳ್ಳಬೇಕು. 2002ರಲ್ಲಿ ಅರವತ್ತು ದಾಟಿದ್ದವರಿಗೆ ಈಗ ಎಂಬತ್ತು ಮೀರಿದೆ. ಯಾವ ಪ್ರಶ್ನೆಗೆ ಉತ್ತರ ಹೇಳಿದಿರಿ, ಆ ಉತ್ತರವನ್ನು ಎಲ್ಲಿಂದ ಕಲಿತಿದ್ದಿರಿ, ಎಲ್ಲಿ ಕೂತು ಅಥವಾ ನಿಂತು ಹೇಳಿದಿರಿ ಎಂದು ಅವರನ್ನು ಕೇಳಬೇಕು. ಗೆದ್ದ ಪುಸ್ತಕಗಳೂ ರಾಜ್ಯದ ಸಾವಿರಾರು ಮನೆಗಳ ಕಪಾಟುಗಳಲ್ಲಿ ಚದುರಿಹೋಗಿವೆ. ಅವುಗಳಲ್ಲಿ ಯಾವುವನ್ನು ಓದಿದರು, ಯಾರ ಕೈಗೆ ದಾಟಿಸಿದರು, ಯಾವುವು ಮಡಿಕೆ ಬಿಚ್ಚದೆ ಉಳಿದವು ಎಂಬುದನ್ನು ಹುಡುಕಿ ತೆಗೆಯಲು ಕನ್ನಡ ಅಧ್ಯಯನ ಮತ್ತು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಜಿಲ್ಲೆಗೊಬ್ಬರಂತೆ ಹೊರಟರೂ ಸಾಕು.